ಅಮೆರಿಕದಲ್ಲಿ ಸಪ್ರೆಸರ್‌ಗೆ ಅನುಮತಿ: ಅರ್ಜಿಗೆ ಮುಂಚಿನಿಂದ ಕೈಗೆ ಬರುವವರೆಗೆ

ಟೆಕ್ಸಸ್, ಜಾರ್ಜಿಯಾ, ನಾರ್ತ್ ಕ್ಯಾರೊಲೈನಾ ಕಡೆಯ ಕನ್ನಡಿಗರಲ್ಲಿ ಗುಂಡು ಹೊಡೆಯುವ ರೇಂಜಿಗೆ ಹೋಗುವವರು, ಕಾಡುಹಂದಿ ಬೇಟೆಗೆ ಹೋಗುವವರು ಈಗ ಕಡಿಮೆಯೇನಿಲ್ಲ. ಬಂದೂಕಿನ ತುದಿಗೆ ಹಾಕಿ ಸದ್ದು ಇಳಿಸುವ ಕೊಳವೆಯೇ ಸಪ್ರೆಸರ್. ಅದನ್ನು ಕೊಳ್ಳಹೊರಟ ಹಲವರ ದೂರು ಒಂದೇ: ‘ಸಪ್ರೆಸರ್‌ಗೆ ದುಡ್ಡು ಕೊಟ್ಟಾಯ್ತು, ಅರ್ಜಿ ಹಾಕಾಯ್ತು, ಆದ್ರೆ ಅನುಮತಿ ಬರ್ತಿಲ್ಲ, ಅಥವಾ ಹಾಕಿದ ಅರ್ಜಿ ತಿರಸ್ಕಾರ ಆಗಿದೆ.’ ಇಂಥ ಅರ್ಜಿಗಳನ್ನು ಬಿಡಿಸಿ ನೋಡಿದರೆ ಎಡವಟ್ಟು ಇರುವುದು ಹೆಚ್ಚಾಗಿ ಮೂರೇ ಜಾಗದಲ್ಲಿ. ವೀಸಾ, ಹೆಸರು, ಬೆರಳಚ್ಚು. ಮೂರೂ ಸಲ್ಲಿಸುವ ಮುಂಚೆ ಸರಿಮಾಡಿಕೊಳ್ಳಬೇಕಾದವು. ಸಲ್ಲಿಸಿದ ಮೇಲೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

ಆದ್ದರಿಂದ ಇಲ್ಲಿರುವ ಕ್ರಮವನ್ನು ಬದಲಿಸಬೇಡಿ. ಸಾಮಾನ್ಯವಾಗಿ ಜನ ಮೊದಲು ಮಾಲು ಆರಿಸುತ್ತಾರೆ, ಕೊನೆಗೆ ಅರ್ಹತೆ ನೋಡುತ್ತಾರೆ. ಅದು ಉಲ್ಟಾ ಆಗಬೇಕು.

## ಶುರು ಮಾಡುವ ಮುನ್ನ

ಈ ವ್ಯವಹಾರವೆಲ್ಲ ಎಟಿಎಫ್ ಎಂಬ ಫೆಡರಲ್ ಇಲಾಖೆಯ ಕೈಯಲ್ಲಿದೆ. ಕಾನೂನು 1934ರದ್ದು, ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್. ಡೀಲರ್‌ನಿಂದ ಕೊಳ್ಳುವವರು ತುಂಬಬೇಕಾದ ಅರ್ಜಿ ಫಾರ್ಮ್ 4.

ಮೊದಲು 200 ಡಾಲರ್ ತೆರಿಗೆ ಕಟ್ಟಬೇಕಿತ್ತು. 2026ರ ಜನವರಿ 1ರಿಂದ ಸಪ್ರೆಸರ್‌ಗೆ ಆ ತೆರಿಗೆ ಸೊನ್ನೆ. ಇಲ್ಲೇ ಹಲವರು ತಪ್ಪು ತಿಳಿಯುತ್ತಾರೆ. ಹೋಗಿದ್ದು ತೆರಿಗೆ ಮಾತ್ರ. ನೋಂದಣಿ, ಬೆರಳಚ್ಚು, ಹಿನ್ನೆಲೆ ಪರಿಶೀಲನೆ ಯಾವುದೂ ಹೋಗಿಲ್ಲ. ‘ಫ್ರೀ ಆಗಿದೆ, ಅಂಗಡಿಗೆ ಹೋಗಿ ತಂದುಬಿಡೋಣ’ ಅಂದರೆ ಆಗುವುದಿಲ್ಲ. ಈಗಲೂ ಸಪ್ರೆಸರ್‌ನ ಫೆಡರಲ್ ತೆರಿಗೆ ಅಂತ ಯಾರಾದರೂ 200 ಡಾಲರ್ ಕೇಳಿದರೆ ಯಾಕೆ ಅಂತ ಕೇಳಿ. ಡೀಲರ್ ತನ್ನ ಕೆಲಸಕ್ಕೆ ಶುಲ್ಕ ತೆಗೆದುಕೊಳ್ಳುವುದು ಬೇರೆ ಮಾತು.

ಕೈಲಿರಬೇಕಾದ ಸಾಮಾನು: ಈಗಿನ ವಿಳಾಸ ಇರುವ ಡ್ರೈವಿಂಗ್ ಲೈಸೆನ್ಸ್, ಗ್ರೀನ್ ಕಾರ್ಡ್ ಅಥವಾ ವಲಸೆ ದಾಖಲೆ, ಎಟಿಎಫ್‌ನ ಇ-ಫಾರ್ಮ್ಸ್ ತಾಣದಲ್ಲಿ ನಿಮ್ಮ ಖಾತೆ, 2 ಇಂಚು ಅಗಲ 2 ಇಂಚು ಉದ್ದದ ಹೊಸ ಫೋಟೋ, ಬೆರಳಚ್ಚು. ಟ್ರಸ್ಟ್ ಹೆಸರಲ್ಲಿ ಕೊಳ್ಳುವವರಿಗೆ ಅದರ ಸಹಿಯಾದ ಪೂರ್ತಿ ಪ್ರತಿ.

## ಹಂತ 1: ನಿಮ್ಮ ರಾಜ್ಯ ಒಪ್ಪುತ್ತದಾ ನೋಡಿ

42 ರಾಜ್ಯಗಳಲ್ಲಿ ಸಾಮಾನ್ಯ ಜನ ಸಪ್ರೆಸರ್ ಇಟ್ಟುಕೊಳ್ಳಬಹುದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ಮ್ಯಾಸಚೂಸೆಟ್ಸ್, ಡೆಲವೇರ್, ರೋಡ್ ಐಲಂಡ್, ಹವಾಯಿ ಈ ಎಂಟರಲ್ಲಿ ಆಗುವುದಿಲ್ಲ. ವಾಷಿಂಗ್ಟನ್ ಡಿಸಿಯಲ್ಲೂ ಇಲ್ಲ. ಬೇ ಏರಿಯಾ, ಎಡಿಸನ್, ಶಿಕಾಗೊ ಅಂತ ನಮ್ಮವರು ಗುಂಪಾಗಿ ಇರುವ ಊರುಗಳೇ ಪಟ್ಟಿಯಿಂದ ಹೊರಗೆ ಹೋದವು ನೋಡಿ. ಅಲ್ಲಿರುವವರು ಮುಂದಕ್ಕೆ ಓದುವ ಅಗತ್ಯವೇ ಇಲ್ಲ. ಕನೆಕ್ಟಿಕಟ್‌ನಲ್ಲಿ ಇಟ್ಟುಕೊಳ್ಳಬಹುದು, ಅದನ್ನು ಹಾಕಿಕೊಂಡು ಬೇಟೆ ಆಡುವಂತಿಲ್ಲ.

ಒಂದು ಎಚ್ಚರಿಕೆ. ‘ನಮ್ಮ ರಾಜ್ಯದಲ್ಲೇ ಮಾಡಿದ ಸಪ್ರೆಸರ್‌ಗೆ ಫೆಡರಲ್ ಅನುಮತಿ ಬೇಕಿಲ್ಲ’ ಎಂಬ ಮಾತು ಟೆಕ್ಸಸ್‌ನಲ್ಲಿ ತುಂಬಾ ಓಡಾಡುತ್ತದೆ. ಅಲ್ಲಿ 2021ರಲ್ಲಿ ಅಂಥದೊಂದು ಕಾನೂನು ಬಂದಿದ್ದೂ ನಿಜ. ಆದರೆ ಫೆಡರಲ್ ಕಾನೂನು ಅದರಿಂದ ಒಂದಿಂಚೂ ಸರಿದಿಲ್ಲ. ಕಾನ್ಸಾಸ್‌ನಲ್ಲಿ ಇದೇ ಥರದ ರಾಜ್ಯದ ಕಾನೂನನ್ನು ನಂಬಿದ ಇಬ್ಬರಿಗೆ ಫೆಡರಲ್ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಮೇಲ್ಮನವಿಯಲ್ಲೂ ಅವರಿಗೆ ಗೆಲುವು ಸಿಗಲಿಲ್ಲ.

## ಹಂತ 2: ವೀಸಾ ಲೆಕ್ಕ ಸರಿಮಾಡಿಕೊಳ್ಳಿ

ಅಮೆರಿಕದವರು ಬರೆದ ಮಾರ್ಗದರ್ಶಿಗಳಲ್ಲಿ ಇದಕ್ಕೆ ಒಂದು ಸಾಲು ಸಿಗುತ್ತದೆ. ನಮಗೆ ಅರ್ಧ ಕೆಲಸ ಇದೇ.

ಸಿಟಿಜನ್ ಆಗಿದ್ದರೆ ಸರಿ. ಗ್ರೀನ್ ಕಾರ್ಡ್ ಇದ್ದರೂ ಸರಿ, ಅದರ ಮೇಲಿನ ನಂಬರನ್ನು ಫಾರ್ಮ್‌ನಲ್ಲಿ ಕೊಡಬೇಕು. ಡೀಲರ್‌ನಿಂದ ಕೊಳ್ಳಲು 21 ವರ್ಷ ತುಂಬಿರಬೇಕು.

ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಇವೆಲ್ಲ ವಲಸೆಯೇತರ ವೀಸಾಗಳು. ಇವುಗಳ ಮೇಲೆ ಬಂದವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ತಡೆಯುತ್ತದೆ. ಸಪ್ರೆಸರ್ ಕೂಡ ಆ ಕಾನೂನಿನಲ್ಲಿ ಬಂದೂಕೇ. ವಿನಾಯಿತಿಗಳಿವೆ. ಅದರಲ್ಲಿ ಜನ ಬಳಸುವುದು ಒಂದನ್ನು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್.

ಸುಲಭ ಅನಿಸುತ್ತದೆ ಅಲ್ವಾ? ಸಿಕ್ಕಿಕೊಳ್ಳುವುದು ತಾರೀಖಿನಲ್ಲಿ. ಟೆಕ್ಸಸ್‌ನ ಬೇಟೆ ಲೈಸೆನ್ಸ್ ಯಾವಾಗ ತೆಗೆದುಕೊಂಡರೂ ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಜುಲೈನಲ್ಲಿ ಲೈಸೆನ್ಸ್ ಲಗತ್ತಿಸಿ ಅರ್ಜಿ ಹಾಕಿದಿರಿ, ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಬಂತು ಅಂತಿಟ್ಟುಕೊಳ್ಳಿ. ಡೀಲರ್ ಹತ್ತಿರ ತೆಗೆದುಕೊಳ್ಳಲು ಹೋದ ದಿನ ನಿಮ್ಮ ಲೈಸೆನ್ಸ್ ಸತ್ತಿರುತ್ತದೆ. ವಿನಾಯಿತಿಯೂ ಅದರ ಜೊತೆಗೇ ಹೋಗಿರುತ್ತದೆ. ಹಳೆಯದು ಮುಗಿದ ಮೇಲೆ ಹೊಸದು ತೆಗೆಯೋಣ ಅಂದರೆ ನಡುವಿನ ದಿನಗಳಲ್ಲಿ ಮನೆಯಲ್ಲಿರುವ ಬಂದೂಕೂ ಅಕ್ರಮವೇ. ಕ್ಯಾಲೆಂಡರ್‌ನಲ್ಲಿ ಆಗಸ್ಟ್ ಮಧ್ಯಕ್ಕೆ ಗುರುತು ಹಾಕಿಕೊಳ್ಳಿ. ಹಂದಿ ಬೇಟೆಗೆ ಖಾಸಗಿ ಜಮೀನಿನಲ್ಲಿ ಟೆಕ್ಸಸ್ ಲೈಸೆನ್ಸ್ ಕೇಳುವುದಿಲ್ಲ ಎಂಬ ನೆಪವೂ ಇಲ್ಲಿ ನಡೆಯದು. ನಿಮಗದು ಬೇಕಿರುವುದು ಹಂದಿಗಾಗಿ ಅಲ್ಲ, ವೀಸಾಗಾಗಿ.

ಕೆಲಸ ಹೋದಾಗಿನ ವಿಷಯ ಇನ್ನೂ ಗಂಭೀರ. ಲೇಆಫ್ ಆಗಿ, ಸಿಗುವ ಅವಕಾಶದ ದಿನಗಳೂ ಮುಗಿದು, ಸ್ಟೇಟಸ್ ತಪ್ಪಿದರೆ ನೀವು ಅಕ್ರಮವಾಗಿ ಇರುವವರ ಪಟ್ಟಿಗೆ ಸೇರುತ್ತೀರಿ. ಆಗ ಬೇಟೆ ಲೈಸೆನ್ಸ್ ನಿಮ್ಮನ್ನು ಕಾಪಾಡುವುದಿಲ್ಲ. ಕೆಲಸದ ಮೇಲೆ ಕತ್ತಿ ತೂಗುತ್ತಿರುವ ಸಮಯದಲ್ಲಿ ಎಚ್-1ಬಿಯವರು ಈ ಅರ್ಜಿಗೆ ಕೈಹಾಕದೇ ಇರುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಹಾಕಲೇಬೇಕು ಅಂದರೆ ಮೊದಲು ವಲಸೆ ವಕೀಲರ ಹತ್ತಿರ ಮಾತಾಡಿ. ಬಂದೂಕಿನ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಕಳಿಸಬಹುದು.

ಗಾಂಜಾ ಬಗ್ಗೆಯೂ ಫಾರ್ಮ್‌ನಲ್ಲಿ ಪ್ರಶ್ನೆ ಇದೆ. ನಿಮ್ಮ ರಾಜ್ಯದಲ್ಲಿ ಅದು ಅಂಗಡಿಯಲ್ಲೇ ಸಿಗಬಹುದು. ಫೆಡರಲ್ ಫಾರ್ಮ್‌ಗೆ ಅದು ಲೆಕ್ಕವಿಲ್ಲ. ಸುಳ್ಳು ಹೇಳಿದರೆ ಅದೇ ಬೇರೆ ಅಪರಾಧ.

## ಹಂತ 3: ಎಲ್ಲ ಕಡೆ ಒಂದೇ ಹೆಸರು ಇರಲಿ

ಹೊಸಹಳ್ಳಿ ರಾಮಯ್ಯ ಶ್ರೀನಿವಾಸ ಅಂತ ಒಬ್ಬರಿದ್ದಾರೆ ಅಂದುಕೊಳ್ಳಿ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಶ್ರೀನಿವಾಸ ಎಚ್. ಆರ್. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದರು, ಸರ್‌ನೇಮ್ ಜಾಗ ಖಾಲಿ ಬಿಟ್ಟರು. ಅಮೆರಿಕದ ವೀಸಾದಲ್ಲಿ ಆ ಪೂರ್ತಿ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಚುಟುಕು) ಬಂದು ಕೂತಿತು. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಗುಮಾಸ್ತರು ಜಾಗ ಸಾಲದೆ ಒಂದು ಪದ ಕತ್ತರಿಸಿದರು. ಸೋಷಿಯಲ್ ಸೆಕ್ಯೂರಿಟಿ ಕಾರ್ಡಿನಲ್ಲಿ ಮತ್ತೊಂದು ಥರ. ನಮ್ಮಲ್ಲಿ ಎಷ್ಟು ಜನರ ಕಥೆ ಹೀಗೇ ಇದೆ!

ಈ ಅರ್ಜಿಯಲ್ಲಿ ನಿಮ್ಮ ಹೆಸರು ಹಲವು ಕಡೆ ಬರುತ್ತದೆ: ಇ-ಫಾರ್ಮ್ಸ್ ಖಾತೆ, ಫಾರ್ಮ್ 4, ಬೆರಳಚ್ಚಿನ ಫೈಲು, ಟ್ರಸ್ಟ್ ಪತ್ರ, ಕೊನೆಗೆ ಡೀಲರ್ ಹತ್ತಿರ ತೋರಿಸುವ ಗುರುತಿನ ಚೀಟಿ. ಎಲ್ಲವೂ ಹೊಂದಬೇಕು. ಗ್ರೀನ್ ಕಾರ್ಡ್‌ನಲ್ಲಿರುವ ಹೆಸರನ್ನೇ ಆಧಾರ ಮಾಡಿಕೊಳ್ಳಿ. ಡ್ರೈವಿಂಗ್ ಲೈಸೆನ್ಸ್ ಬೇರೆ ಇದ್ದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಬೆರಳಚ್ಚು ಕೊಡಿ. ಹಿಂದೆ ಬಳಸಿದ ಬೇರೆ ಹೆಸರುಗಳನ್ನು ಫಾರ್ಮ್ ಕೇಳಿದ ಕಡೆ ಮುಚ್ಚಿಡದೆ ಬರೆಯಿರಿ.

ಸಿಟಿಜನ್‌ಶಿಪ್ ಪ್ರಮಾಣವಚನದ ಹೊತ್ತಿಗೆ ಹೆಸರು ಬದಲಿಸಿಕೊಳ್ಳುವ ಅವಕಾಶ ಇದೆ. ಎಫ್ಎನ್‌ಯು ಕಾಟದಿಂದ ಬಿಡುಗಡೆ ಬೇಕು ಅಂತ ತುಂಬಾ ಜನ ಅದನ್ನು ಬಳಸುತ್ತಾರೆ. ಬಳಸಿ, ತಪ್ಪಿಲ್ಲ. ಆದರೆ ಸಪ್ರೆಸರ್ ಅರ್ಜಿ ಅದಕ್ಕೆ ಮುಂಚೆ ಪೂರ್ತಿ ಮುಗಿದಿರಲಿ, ಇಲ್ಲವೇ ಹೊಸ ಹೆಸರಿನ ದಾಖಲೆಗಳೆಲ್ಲ ಬಂದ ಮೇಲೆ ಶುರುವಾಗಲಿ. ನಡುವೆ ಮಾತ್ರ ಬೇಡ.

## ಹಂತ 4: ಸ್ವಂತ ಹೆಸರೋ, ಟ್ರಸ್ಟೋ ತೀರ್ಮಾನಿಸಿ

ಸ್ವಂತ ಹೆಸರಲ್ಲಿ ಕೊಂಡರೆ ಕಾಗದ ಕಡಿಮೆ. ಆದರೆ ಆ ಸಪ್ರೆಸರ್ ನಿಮ್ಮದೊಬ್ಬರದೇ. ನೀವು ಮನೆಯಲ್ಲಿ ಇಲ್ಲದಾಗ ಹೆಂಡತಿಗೆ ತಿಜೋರಿಯ ನಂಬರ್ ಗೊತ್ತಿದ್ದರೆ, ಅದು ಅವರ ವಶದಲ್ಲಿದೆ ಅಂತ ಕಾನೂನು ಹೇಳಬಹುದು. ತಿಜೋರಿಗೆ ಕೈಹಾಕುವವರು ನೀವೊಬ್ಬರೇ ಅನ್ನುವಂತಿದ್ದರೆ ಈ ದಾರಿ ಸಾಕು.

ಗಂಡ ಹೆಂಡತಿ ಇಬ್ಬರೂ ಬಳಸುತ್ತೀರಿ ಅಂದರೆ ಟ್ರಸ್ಟ್ ಒಳ್ಳೆಯದು. ಟ್ರಸ್ಟ್‌ನಲ್ಲಿ ಅಧಿಕಾರ ಇರುವ ಪ್ರತಿಯೊಬ್ಬರೂ ಬೆರಳಚ್ಚು, ಫೋಟೋ ಕೊಟ್ಟು ಫಾರ್ಮ್ 23 ತುಂಬಬೇಕು. ಅಣ್ಣ, ಭಾವಮೈದ, ಗೆಳೆಯ ಅಂತ ಸುಮ್ನೆ ಹೆಸರು ಸೇರಿಸುತ್ತಾ ಹೋದರೆ ಅವರಲ್ಲಿ ಒಬ್ಬರ ಕಾಗದ ತಪ್ಪಿದರೂ ನಿಮ್ಮ ಅರ್ಜಿ ನಿಲ್ಲುತ್ತದೆ. ಮೊದಲ ಅರ್ಜಿಗೆ ನೀವಿಬ್ಬರೇ ಇರಿ. ಎಚ್-4ನಲ್ಲಿರುವವರನ್ನು ಸೇರಿಸುವ ಮುಂಚೆ ಹಂತ 2ನ್ನು ಮತ್ತೆ ಓದಿ, ಅವರಿಗೂ ಅದೇ ತಡೆ ಇದೆ.

## ಹಂತ 5: ಡೀಲರ್ ಆರಿಸಿ, ಮಾಲು ಗೊತ್ತುಮಾಡಿ

ಎಲ್ಲ ಬಂದೂಕಿನ ಅಂಗಡಿಯವರೂ ಸಪ್ರೆಸರ್ ಮಾರುವಂತಿಲ್ಲ. ಮಾಮೂಲಿ ಲೈಸೆನ್ಸ್ ಜೊತೆಗೆ ಎಸ್‌ಒಟಿ ಎಂಬ ವಿಶೇಷ ತೆರಿಗೆ ಕಟ್ಟಿದ ಡೀಲರ್ ಬೇಕು. ಅಂಗಡಿ ನಿಮ್ಮ ರಾಜ್ಯದಲ್ಲೇ ಇರಬೇಕು. ಬೇರೆ ರಾಜ್ಯದಿಂದ ತರಿಸಿದರೆ ಮೊದಲು ಆ ಡೀಲರ್‌ನಿಂದ ನಿಮ್ಮ ಡೀಲರ್‌ಗೆ ಫಾರ್ಮ್ 3 ಮೇಲೆ ವರ್ಗಾವಣೆ ಆಗಬೇಕು. ಅದು ಮುಗಿಯುವವರೆಗೆ ನಿಮ್ಮ ಫಾರ್ಮ್ 4 ಶುರುವಾಗುವುದೇ ಇಲ್ಲ. ಆತುರ ಇದ್ದವರು ಡೀಲರ್ ಕಪಾಟಿನಲ್ಲಿ ಈಗಾಗಲೇ ಇರುವುದನ್ನೇ ಆರಿಸಿ.

ದುಡ್ಡು ಕೊಡುವ ಮುಂಚೆ ಎರಡು ಮಾತು ಕೇಳಿ: ಅರ್ಜಿ ತಿರಸ್ಕಾರವಾದರೆ ಹಣ ವಾಪಸ್ ಬರುತ್ತದಾ? ಅಂಗಡಿ ಮುಚ್ಚಿದರೆ ಏನು? ಉತ್ತರ ಕಾಗದದ ಮೇಲೆ ಇರಲಿ.

ಬ್ಯಾರಲ್ ತುದಿಯ ಮರೆಯನ್ನೂ (ಸಪ್ರೆಸರ್ ತಿರುಗಿಸಿ ಕೂರಿಸುವ ಥ್ರೆಡ್) ಈಗಲೇ ನೋಡಿ. .22, .223, 9 ಎಂಎಂಗೆ ಅಮೆರಿಕದಲ್ಲಿ ಸಾಮಾನ್ಯವಾಗಿ 1/2-28 ಅಳತೆಯ ಮರೆ, .308ಕ್ಕೆ 5/8-24. ಮರೆಯೇ ಇಲ್ಲದ ಬ್ಯಾರಲ್ ಆದರೆ ಗನ್‌ಸ್ಮಿತ್ ಕೆಲಸ ಬೇಕು.

ದೂರ ಇರಬೇಕಾದ್ದು: ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬರುವ ‘ಸಾಲ್ವೆಂಟ್ ಟ್ರ್ಯಾಪ್’ ಕಿಟ್‌ಗಳು. ಬಂದೂಕು ಒರೆಸುವ ಸಾಮಾನು ಅಂತ ಮಾರುತ್ತಾರೆ, ರಂಧ್ರ ಕೊರೆದರೆ ಸಪ್ರೆಸರ್ ಆಗುತ್ತದೆ. ವಿದೇಶಿ ತಾಣಗಳಿಂದ ಇವನ್ನು ತರಿಸಿದವರ ವಿಳಾಸಕ್ಕೆ ಎಟಿಎಫ್ ಪತ್ರ ಕಳಿಸಿದ್ದುಂಟು. ನೋಂದಣಿಯಾಗದ ಸಪ್ರೆಸರ್‌ಗೆ 10 ವರ್ಷದವರೆಗೆ ಜೈಲು.

## ಹಂತ 6: ಬೆರಳಚ್ಚು ಮತ್ತು ಫೋಟೋ

ಎರಡು ದಾರಿ ಇವೆ. ಎಫ್‌ಡಿ-258 ಎಂಬ ಕಾರ್ಡಿನ ಮೇಲೆ ಶಾಯಿಯಲ್ಲಿ ಒತ್ತಿಸಿ ಎರಡು ಕಾರ್ಡು ಅಂಚೆಯಲ್ಲಿ ಕಳಿಸುವುದು, ಅಥವಾ ಯಂತ್ರದಲ್ಲಿ ಒತ್ತಿ ಇಎಫ್‌ಟಿ ಎಂಬ ಫೈಲ್ ಮಾಡಿಸಿ ಅರ್ಜಿಯ ಜೊತೆಗೇ ಏರಿಸುವುದು. ಎರಡನೆಯದನ್ನೇ ಮಾಡಿ. ಅಂಚೆಯ ಕಾಯುವಿಕೆ ಉಳಿಯುತ್ತದೆ, ಕಾರ್ಡು ಕಳೆಯುವ ಭಯ ಇಲ್ಲ. ಹಲವು ಡೀಲರ್‌ಗಳ ಅಂಗಡಿಯಲ್ಲೇ ಯಂತ್ರ ಇರುತ್ತದೆ.

ಫೈಲ್ ಕೈಗೆ ಬಂದ ಮೇಲೆ ಅದರಲ್ಲಿ ಟೈಪ್ ಮಾಡಿದ ಹೆಸರು, ಹುಟ್ಟಿದ ತಾರೀಖು, ಹುಟ್ಟಿದ ದೇಶ ನೋಡಿ. ತಾರೀಖಿನಲ್ಲಿ ನಾವು ದಿನ ಮೊದಲು ಹೇಳುತ್ತೇವೆ, ಇವರು ತಿಂಗಳು ಮೊದಲು ಬರೆಯುತ್ತಾರೆ. 05-08 ಅಂತ ಬಾಯಲ್ಲಿ ಹೇಳಿದರೆ ಆಗಸ್ಟ್ ಹೋಗಿ ಮೇ ಆಗುತ್ತದೆ. ತಿಂಗಳ ಹೆಸರು ಹೇಳಿ.

ಶಾಯಿಯಲ್ಲಿ ಕೊಡುವವರು ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಬೆರಳನ್ನು ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಸಲ ಉರುಳಿಸಬೇಕು. ಹಿಂದೆ ಮುಂದೆ ಉಜ್ಜಿದರೆ ಗೆರೆಗಳೆಲ್ಲ ಕಲಸಿ ಕಪ್ಪು ಚುಕ್ಕೆ ಉಳಿಯುತ್ತದೆ. ಬಲಗೈ ಜಾಗದಲ್ಲಿ ಎಡಗೈ ಒತ್ತುವುದು ನೀವಂದುಕೊಳ್ಳುವುದಕ್ಕಿಂತ ಜಾಸ್ತಿ ಆಗುವ ತಪ್ಪು.

ಫೋಟೋ ಒಂದು ವರ್ಷದೊಳಗಿನದಾಗಿರಬೇಕು. ಬಿಳಿ ಹಿನ್ನೆಲೆ, ನೇರ ಮುಖ. ಮದುವೆ ಫೋಟೋದಿಂದ ಕತ್ತರಿಸಿದ್ದು ಬೇಡ.

## ಹಂತ 7: ಫಾರ್ಮ್ 4 ಸಲ್ಲಿಸಿ

ಫಾರ್ಮ್ ಶುರು ಮಾಡುವುದು ಡೀಲರ್. ನೀವು ನಿಮ್ಮ ಭಾಗ ಪರಿಶೀಲಿಸಿ, ನಿಮ್ಮ ಇ-ಫಾರ್ಮ್ಸ್ ಲಾಗಿನ್ ಮತ್ತು ಪಿನ್ ಹಾಕಿ ದೃಢೀಕರಿಸಬೇಕು. ಡೀಲರ್ ‘ನಾನೇ ಮಾಡ್ತೀನಿ, ಪಾಸ್‌ವರ್ಡ್ ಕೊಡಿ’ ಅಂದರೆ ಕೊಡಬೇಡಿ. ಹೇಳಿಕೆ ನಿಮ್ಮದು, ತಪ್ಪಿದರೆ ತಲೆ ನಿಮ್ಮದು.

ಆ ಪರದೆಯ ಮುಂದೆ ಸ್ವಲ್ಪ ಹೊತ್ತು ಕೂರಿ. ಸಪ್ರೆಸರ್‌ನ ಕೊಳವೆಯ ಮೇಲೆ ಕೆತ್ತಿದ ಸೀರಿಯಲ್ ನಂಬರನ್ನು ಫಾರ್ಮ್‌ನಲ್ಲಿರುವುದರ ಜೊತೆ ಅಕ್ಷರ ಅಕ್ಷರ ಹೋಲಿಸಿ. ಸೊನ್ನೆ ಮತ್ತು ಓ, ಒಂದು ಮತ್ತು ಐ ಇಲ್ಲಿ ಅದಲುಬದಲಾಗುತ್ತವೆ. ತಯಾರಕರ ಹೆಸರು, ಮಾಡೆಲ್, ಕ್ಯಾಲಿಬರ್ ಕೂಡ. ಮನೆ ವಿಳಾಸಕ್ಕೆ ಅಂಚೆ ಪೆಟ್ಟಿಗೆ ನಂಬರ್ ಕೊಡಬೇಡಿ, ವಾಸದ ಮನೆಯದ್ದೇ ಬೇಕು.

ಅರ್ಜಿಯ ಒಂದು ಪ್ರತಿ ನಿಮ್ಮ ಊರಿನ ಶೆರಿಫ್ ಅಥವಾ ಪೊಲೀಸ್ ಮುಖ್ಯಸ್ಥರಿಗೆ ಹೋಗಬೇಕು. ಇದು ಬರೀ ಮಾಹಿತಿ, ಅವರ ಒಪ್ಪಿಗೆ ಬೇಕಿಲ್ಲ. 2016ರ ಜುಲೈನಿಂದ ನಿಯಮ ಹೀಗಿದೆ. ಕಳಿಸಿದ ರಸೀದಿ ಇಟ್ಟುಕೊಳ್ಳಿ.

## ಹಂತ 8: ಕಾಯುವ ದಿನಗಳು

ಹಿಂದೆ ಕಾಗದದ ಅರ್ಜಿಗೆ ಒಂದು ವರ್ಷದ ಹತ್ತಿರ ಆಗುತ್ತಿತ್ತು. ಆನ್‌ಲೈನ್ ಫಾರ್ಮ್ 4 2021ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. 2024ರಿಂದ ಎಷ್ಟೋ ಅರ್ಜಿಗಳು ಕೆಲವೇ ದಿನಗಳಲ್ಲಿ ಒಪ್ಪಿಗೆಯಾದವು. ತೆರಿಗೆ ಸೊನ್ನೆಯಾದಾಗ ಅರ್ಜಿಗಳ ನೂಕುನುಗ್ಗಲು ಶುರುವಾಯಿತು. ಹಾಗಾಗಿ ಪಕ್ಕದ ಮನೆಯವರ ಅರ್ಜಿಯ ದಿನ ಎಣಿಸಬೇಡಿ. ನಿಮಗಿಂತ ತಡವಾಗಿ ಹಾಕಿದವರಿಗೆ ಮೊದಲು ಬರುವುದು ಮಾಮೂಲು.

‘ಸಬ್ಮಿಟೆಡ್, ಇನ್ ಪ್ರೊಸೆಸ್’ ಅಂತ ತೋರಿಸುತ್ತಿದ್ದರೆ ಸುಮ್ನಿರಿ. ಈ ಹೊತ್ತಿನಲ್ಲಿ ಎಫ್‌ಬಿಐ ಹಿನ್ನೆಲೆ ಪರಿಶೀಲನೆ ನಡೆಯುತ್ತಿರುತ್ತದೆ. ನಮ್ಮಲ್ಲಿ ಕುಮಾರ್, ರಾವ್, ಪಾಟೀಲ್ ಎಷ್ಟೊಂದು! ಅದೇ ಹೆಸರಿನ ಬೇರೊಬ್ಬರ ಮೇಲೆ ಕೇಸಿದ್ದರೆ ನಿಮ್ಮದು ತಡವಾಗುತ್ತದೆ. ಮಾಮೂಲಿ ಬಂದೂಕು ಕೊಳ್ಳುವಾಗಲೂ ಪ್ರತಿ ಸಲ ‘ಡಿಲೇಡ್’ ಬರುತ್ತಿದ್ದರೆ ಎಫ್‌ಬಿಐಗೆ ಅರ್ಜಿ ಕೊಟ್ಟು ಯುಪಿಐಎನ್ ಎಂಬ ಗುರುತಿನ ನಂಬರ್ ಪಡೆಯಿರಿ. ಫಾರ್ಮ್ ಕೇಳಿದ ಕಡೆ ಅದನ್ನು ಬರೆಯಿರಿ.

ಎಚ್ಚರಿಕೆಯ ಗುರುತುಗಳು ಇವು. ಎಟಿಎಫ್‌ನಿಂದ ತಿದ್ದುಪಡಿ ಕೇಳಿ ಇಮೇಲ್ ಬಂದರೆ ಅಂದೇ ಉತ್ತರಿಸಿ. ಅದು ಸ್ಪ್ಯಾಮ್ ಡಬ್ಬಿಯಲ್ಲಿ ಬಿದ್ದಿರಬಹುದು, ಆಗಾಗ ನೋಡಿ. ‘ಡಿಸ್‌ಅಪ್ರೂವ್ಡ್’ ಬಂದರೆ ಕಾರಣ ಓದಿ. ಕಾಗದದ ತಪ್ಪಾದರೆ ಸರಿಮಾಡಿ ಹೊಸ ಅರ್ಜಿ ಹಾಕಬಹುದು. ಹಿನ್ನೆಲೆಯ ಕಾರಣವಾದರೆ ಮತ್ತೆ ಹಾಕುವ ಮುಂಚೆ ವಕೀಲರನ್ನು ನೋಡಿ. ನಡುವೆ ಬೇರೆ ರಾಜ್ಯಕ್ಕೆ ಮನೆ ಬದಲಿಸುವ ಪರಿಸ್ಥಿತಿ ಬಂದರೆ ಡೀಲರ್‌ಗೆ ಕೂಡಲೇ ಹೇಳಿ, ಹಳೆಯ ಅರ್ಜಿ ಹಿಂದೆಗೆದುಕೊಂಡು ಹೊಸದಾಗಿ ಶುರು ಮಾಡಬೇಕಾಗುತ್ತದೆ.

ಇಷ್ಟರಲ್ಲಿ ‘ಒಂದು ವಾರಾಂತ್ಯಕ್ಕೆ ಕೊಡಿ, ಯಾರಿಗೂ ಗೊತ್ತಾಗಲ್ಲ’ ಅಂತ ಡೀಲರ್‌ನನ್ನು ಕೇಳಲೂ ಬೇಡಿ. ದುಡ್ಡು ನಿಮ್ಮದೇ ಆದರೂ ಒಪ್ಪಿಗೆ ಬರುವವರೆಗೆ ಅದು ಅಂಗಡಿ ಬಿಟ್ಟು ಕದಲುವಂತಿಲ್ಲ.

## ಹಂತ 9: ತೆಗೆದುಕೊಳ್ಳುವ ದಿನ

ಒಪ್ಪಿಗೆ ಇಮೇಲ್‌ನಲ್ಲಿ ಪಿಡಿಎಫ್ ಆಗಿ ಬರುತ್ತದೆ. ಡೀಲರ್ ಹತ್ತಿರ ಹೋಗಿ, ಬಂದೂಕು ಕೊಳ್ಳುವಾಗ ತುಂಬುವ ಫಾರ್ಮ್ 4473 ತುಂಬಿ. ಹೆಸರು, ವಿಳಾಸ ಇಲ್ಲೂ ಹೊಂದಬೇಕು. ಎಚ್-1ಬಿಯವರು ಜೀವಂತ ಇರುವ ಬೇಟೆ ಲೈಸೆನ್ಸ್ ತಪ್ಪದೆ ಒಯ್ಯಿರಿ. ಅಂಗಡಿ ಬಿಡುವ ಮುಂಚೆ ಸೀರಿಯಲ್ ನಂಬರನ್ನು ಮತ್ತೊಮ್ಮೆ ಹೋಲಿಸಿ.

ಒಪ್ಪಿಗೆ ಪತ್ರದ ಒಂದು ಪ್ರತಿ ಫೋನಿನಲ್ಲಿ, ಒಂದು ಬಂದೂಕಿನ ಚೀಲದಲ್ಲಿ ಇರಲಿ.

ಮೊದಲ ಗುಂಡಿಗೆ ಮುಂಚೆ ಬಂದೂಕು ಖಾಲಿ ಮಾಡಿ, ಸಪ್ರೆಸರ್ ಹಾಕಿ, ಬ್ಯಾರಲ್ ಒಳಗೆ ನೇರ ಸಲಾಕೆಯಾದ ಅಲೈನ್‌ಮೆಂಟ್ ರಾಡ್ ತೂರಿಸಿ ನೇರ ಇದೆಯಾ ನೋಡಿ. ಸೊಟ್ಟಗಿದ್ದರೆ ಗುಂಡು ಒಳಗೋಡೆಗೆ ಬಡಿಯುತ್ತದೆ. ಕಿವಿಗೆ ರಕ್ಷಣೆ ಬಿಡಬೇಡಿ. ಸಿನಿಮಾದಲ್ಲಿ ಕೇಳುವ ‘ಪುಸ್’ ಎಂಬ ಸದ್ದು ಸುಳ್ಳು. ರೈಫಲ್ ಸದ್ದು 160 ಡೆಸಿಬಲ್ ಆಸುಪಾಸು. ಸಪ್ರೆಸರ್ ಅದರಲ್ಲಿ 20ರಿಂದ 35 ಇಳಿಸುತ್ತದೆ, ಅಷ್ಟೇ.

## ಹಂತ 10: ಆಮೇಲಿನ ಎಚ್ಚರ

ಊರಿಂದ ಅಪ್ಪ ಅಮ್ಮ ಬಂದಾಗ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಅವರು ಬಿ-2ರಲ್ಲಿ ಬಂದವರು, ಹಂತ 2ರ ತಡೆ ಅವರಿಗೂ ಇದೆ. ‘ಅಪ್ಪಾ, ಒಂದು ಗುಂಡು ಹೊಡೆದು ನೋಡಿ’ ಅಂತ ರೇಂಜಿಗೆ ಕರೆದುಕೊಂಡು ಹೋಗಿ ಕೈಗೆ ಕೊಟ್ಟು ಫೋಟೋ ಹಾಕುವವರಿದ್ದಾರೆ. ಆ ಫೋಟೋವೇ ಸಾಕ್ಷಿ.

ಊರಿಗೆ ಹೋಗುವಾಗ ಬಂದೂಕಿನ ಚೀಲವನ್ನು ಪ್ರಯಾಣದ ಚೀಲವಾಗಿ ಬಳಸಬೇಡಿ. ಪರವಾನಗಿ ಇಲ್ಲದೆ ಸಪ್ರೆಸರ್ ಅಮೆರಿಕದಿಂದ ಹೊರಗೆ ಒಯ್ಯುವುದು ಅಪರಾಧ. ಭಾರತದ 1959ರ ಆಯುಧ ಕಾಯ್ದೆಯೂ ಸದ್ದು ಕಡಿಮೆ ಮಾಡುವ ಸಾಧನವನ್ನು ಬಂದೂಕು ಅಂತಲೇ ಎಣಿಸುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ‘ಮರೆತು ಬಂತು ಸಾರ್’ ಅನ್ನುವ ಸಮಾಧಾನ ಕೆಲಸಕ್ಕೆ ಬರುವುದಿಲ್ಲ.

ಕಂಪನಿ ನಿಮ್ಮನ್ನು ಡಲ್ಲಾಸ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ವರ್ಗ ಮಾಡಿದರೆ ಸಪ್ರೆಸರ್ ಜೊತೆಗೆ ಬರುವಂತಿಲ್ಲ. ಸಾಗಣೆ ಲಾರಿ ಬರುವ ಮುಂಚೆಯೇ ಡೀಲರ್‌ಗೆ ಮಾರುವ ವ್ಯವಸ್ಥೆ ಮಾಡಿ. ಟ್ರಸ್ಟ್ ಇದ್ದರೆ ಟೆಕ್ಸಸ್‌ನಲ್ಲೇ ಉಳಿಯುವ ಇನ್ನೊಬ್ಬ ಟ್ರಸ್ಟಿಯ ಬಳಿ ಬಿಡಬಹುದು. ಬರೀ ಗೆಳೆಯರ ಗ್ಯಾರೇಜಿನಲ್ಲಿ ಇಟ್ಟರೆ ಅದು ಅವರ ತಲೆಗೂ ಬರುತ್ತದೆ, ನಿಮ್ಮ ತಲೆಗೂ ಬರುತ್ತದೆ. ಡೀಲರ್‌ಗೆ ಮಾರುವುದಕ್ಕೂ ಅರ್ಜಿ, ಒಪ್ಪಿಗೆ ಎಲ್ಲ ಬೇಕು. ಆದ್ದರಿಂದ ವರ್ಗದ ಪತ್ರ ಬಂದ ವಾರವೇ ಡೀಲರ್‌ಗೆ ಫೋನ್ ಮಾಡಿ.